ಎರಡು ದನಿಯ ಕಂಪ್ಯೂಟರು

ಹಳೆಯ ಕಂಪ್ಯೂಟರು ಕೆಟ್ಟದ್ದು ನನಗೆ ಅಡುಗೆಮನೆಯಲ್ಲಿದ್ದಾಗಲೇ ಗೊತ್ತಾಯಿತು. ನಡುಮನೆಯಿಂದ ಯಾವಾಗಲೂ ಕೇಳಿಬರುತ್ತಿದ್ದ ಗೊಣಗೊಣ ಮಾತು ಅರ್ಧಕ್ಕೇ ನಿಂತುಹೋಯಿತು.

"ಹೋಯ್ತು ಕಣೇ," ಅಂದರು ನಮ್ಮ ಮನೆಯವರು.

"ಕರೆಂಟ್ ಹೋಯ್ತಾ?"

"ಕರೆಂಟ್ ಹೋಗಿದ್ರೆ ಫ್ಯಾನ್ ಸದ್ದೂ ನಿಲ್ತಿತ್ತಲ್ಲ. ಇದು ಕಂಪ್ಯೂಟರೇ."

ನನ್ನ ಗಂಡನಿಗೆ ಕಣ್ಣು ಕಾಣುವುದಿಲ್ಲ. ಮದುವೆಯಾದಾಗ ಕಾಣುತ್ತಿತ್ತು, ಸಂಜೆಯಾದರೆ ಮಾತ್ರ ಹೊಸಲು ಎಡವುತ್ತಿದ್ದರು. ಆಮೇಲೆ ವರ್ಷದಿಂದ ವರ್ಷಕ್ಕೆ ದೃಷ್ಟಿ ಸಣ್ಣದಾಗುತ್ತಾ ಬಂದು, ಒಂದು ದಿನ ಪಠ್ಯಪುಸ್ತಕದ ಅಕ್ಷರಗಳೂ ಹೋದವು. ಗುಬ್ಬಿ ಕಡೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಅವರು ಸಮಾಜ ವಿಜ್ಞಾನದ ಮೇಷ್ಟ್ರು. ಬೆಳಿಗ್ಗೆ ಕ್ಯಾತ್ಸಂದ್ರದ ಸ್ಟೇಷನ್ನಿನಲ್ಲಿ ರೈಲು ಹತ್ತಿ ಅವರು ಆ ಕಡೆ ಹೋದರೆ, ನಾನು ಬಸ್ಸಿನಲ್ಲಿ ಕುಣಿಗಲ್ ಕಡೆ ಹೋಗುತ್ತೇನೆ. ಅಲ್ಲಿಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ನನ್ನ ಕೆಲಸ. ಪಾಠದ ಟಿಪ್ಪಣಿ, ಪ್ರಶ್ನೆಪತ್ರಿಕೆ ಎಲ್ಲವನ್ನೂ ಅವರು ಮನೆಯ ಕಂಪ್ಯೂಟರಿನಲ್ಲೇ ಮಾಡುತ್ತಿದ್ದರು. ಪರದೆಯ ಮೇಲಿದ್ದುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವೊಂದು ಅದರಲ್ಲಿತ್ತು. ಅದರ ದನಿ ಡಬ್ಬದೊಳಗೆ ಕೂತು ಮಾತಾಡಿದ ಹಾಗೆ. ಅದನ್ನು ಅವರು ಎಷ್ಟು ವೇಗದಲ್ಲಿ ಓಡಿಸುತ್ತಿದ್ದರೆಂದರೆ, ಇಷ್ಟು ವರ್ಷ ಅದೇ ಮನೆಯಲ್ಲಿದ್ದೂ ನನಗೆ ಒಂದು ಪದವೂ ತಿಳಿದಿರಲಿಲ್ಲ.

ರಿಪೇರಿಯವನು ಬಂದು ನೋಡಿ, ಇನ್ನು ಇದಕ್ಕೆ ಕೈ ಹಾಕಿ ಪ್ರಯೋಜನವಿಲ್ಲ ಎಂದ. ಒಳಗಿನ ಹಾರ್ಡ್ ಡಿಸ್ಕ್ ಚೆನ್ನಾಗಿತ್ತು. ಅದನ್ನು ಬಿಚ್ಚಿ, ಹೊಸ ಕಂಪ್ಯೂಟರಿಗೆ ವೈರಿನಲ್ಲಿ ಸಿಕ್ಕಿಸುವ ಹಾಗೆ ಒಂದು ಪೆಟ್ಟಿಗೆಗೆ ಹಾಕಿಕೊಟ್ಟ.

ಶನಿವಾರ ಇಬ್ಬರೂ ತುಮಕೂರಿನ ಅಂಗಡಿಗೆ ಹೋದೆವು. ಅಂಗಡಿಯವರು ಒಳ್ಳೆಯವರೇ, ಆದರೆ ಮಾತೆಲ್ಲ ನನ್ನ ಜೊತೆ. "ಸಾರ್‌ಗೆ ಎಷ್ಟ್ ದೊಡ್ಡ ಸ್ಕ್ರೀನ್ ಬೇಕು ಮೇಡಂ?"

"ಸಾರ್‌ಗೆ ಸ್ಕ್ರೀನೇ ಬೇಡ," ಅಂದರು ಇವರು. "ಮೇಡಂಗೆ ಬೇಕಾದ್ರೆ ಒಂದು ಸಾಧಾರಣದ್ದು ಕೊಡಿ. ನನಗೆ ಕೀಬೋರ್ಡ್ ತೋರ್ಸಿ."

ಗಾಜಿನ ಕಟ್ಟೆಯ ಮೇಲೆ ಕೀಬೋರ್ಡುಗಳನ್ನು ಸಾಲಾಗಿ ಇಡಿಸಿಕೊಂಡು, ಒಂದೊಂದರ ಮೇಲೂ ಬೆರಳಾಡಿಸಿದರು. ಎರಡು ಗುಂಡಿಗಳ ಮೇಲೆ ಸಣ್ಣ ಗೆರೆ ಎದ್ದಿರುತ್ತದಂತೆ, ಬೆರಳು ಎಲ್ಲಿ ಇಡಬೇಕೆಂದು ಅದರಿಂದಲೇ ಗೊತ್ತಾಗುವುದು. ಕೆಲವದರಲ್ಲಿ ಅದು ಸವೆದ ಹಾಗಿತ್ತು, ಕೆಲವದರ ಗುಂಡಿಗಳು ತೀರಾ ಚಪ್ಪಟೆ. ಕಂಪ್ಯೂಟರು ಆರಿಸುವುದಕ್ಕಿಂತ ಹೆಚ್ಚು ಹೊತ್ತು ಕೀಬೋರ್ಡಿಗೇ ಹಿಡಿಯಿತು. ಅಂಗಡಿಯವರು ಬೇಸರಿಸದೆ ಅಟ್ಟದಿಂದ ಇನ್ನಷ್ಟು ಇಳಿಸಿದರು. ಕೊನೆಗೆ ಅವರೂ ಇವರ ಜೊತೆಗೇ ಮಾತಾಡತೊಡಗಿದ್ದರು.

ಭಾನುವಾರ ತಿಂಡಿ ಮುಗಿಸಿ ಜೋಡಿಸಲು ಕೂತೆವು. ಆಗ ಹಾಗಲವಾಡಿಯಿಂದ ನಮ್ಮತ್ತೆ ಬಂದಿದ್ದರು. ಊರಿನಲ್ಲಿ ದೊಡ್ಡ ಮಗನ ಜೊತೆಗಿರುವವರು, ಮಂಡಿನೋವಿಗೆ ಡಾಕ್ಟರಿಗೆ ತೋರಿಸಲು ಬಂದು ನಮ್ಮಲ್ಲಿ ಉಳಿದಿದ್ದರು. ಅವರಿಗೆ ಓದು ಬರಹ ಬಾರದು. ಸೋಫಾದಲ್ಲಿ ಕಾಲು ನೀಡಿಕೊಂಡು ಅವರೆಕಾಯಿ ಸುಲಿಯುತ್ತಾ ನಮ್ಮನ್ನೇ ನೋಡುತ್ತಿದ್ದರು.

ವೈರುಗಳನ್ನು ನಾನೇ ಸಿಕ್ಕಿಸಿದೆ. ಪರದೆ ಬೆಳಗಿತು. ಆದರೆ ಸ್ಪೀಕರಿನಿಂದ ಸದ್ದಿಲ್ಲ. "ಇರ್ಲಿ, ನಾನೇ ಓದಿ ಹೇಳ್ತೀನಿ," ಅಂದೆ. ಹೊಸ ಕಂಪ್ಯೂಟರು ಮೊದಲು ಯಾವ ದೇಶ ಎಂದು ಕೇಳಿತು, ಯಾವ ಭಾಷೆ ಎಂದು ಕೇಳಿತು. ಅಷ್ಟನ್ನು ಸರಿಯಾಗಿಯೇ ಓದಿದೆ. ಆಮೇಲೆ ಉದ್ದುದ್ದ ಬರಹಗಳು ಬರತೊಡಗಿದವು. ಒಲೆಯ ಮೇಲೆ ಸಾರು ಬೇರೆ ಇತ್ತು.

"ಏನ್ ಬಂತು?" ಅಂತ ಅವರು ಕೇಳುವುದು, "ಏನೋ ಷರತ್ತು, ಒಪ್ಪಿದೆ," ಅಂತ ನಾನು ಹೇಳುವುದು. "ಈಗ?" ಅಂದರೆ "ಇನ್ನೇನೋ ಕೇಳ್ತು, ಸರಿ ಅಂದೆ," ಅನ್ನುವುದು.

ಹೀಗೆ ಕೆಲವು ಪುಟ ದಾಟಿದ ಮೇಲೆ ಅವರು ಕುರ್ಚಿ ಹಿಂದೆ ಸರಿಸಿ ಎದ್ದರು. "ನಿಲ್ಸು. ಇದ್ಯಾರ ಕಂಪ್ಯೂಟರು?"

"ನಿಮ್ದೇ ಕಣ್ರೀ."

"ನನ್ದಾದ್ರೆ ಒಪ್ಪೋದು ಬಿಡೋದು ನಾನ್ ಹೇಳ್ಬೇಕು. ನೀನ್ ಓದು ಅಷ್ಟೇ, ತೀರ್ಮಾನ ನೀನೇ ಮಾಡ್ಬೇಡ."

ನನಗೂ ಸಿಟ್ಟು ಬಂತು. ಬೆಳಗಿನಿಂದ ಮೇಜಿನ ಕೆಳಗೆ ತೂರಿ ವೈರು ಎಳೆದವಳು ನಾನು. "ಎಲ್ರೂ ಓದ್ದೇನೇ ಒತ್ತೋದು," ಅಂದೆ.

"ಓದ್ದೇ ಒತ್ತೋರು ಬೇಕಾದಾಗ ಓದ್ಬೋದು. ನನಗೆ ಹಂಗಲ್ಲ."

ಎದ್ದು ಹೋಗಿ ಸಾರು ಇಳಿಸಿದೆ. ಅತ್ತೆ ಅವರೆಕಾಯಿ ಸುಲಿಯುತ್ತಲೇ ಇದ್ದರು.

ನಾನು ಬರುವ ಹೊತ್ತಿಗೆ ಇವರು ನೆಲಕ್ಕೆ ಕೂತು, ಕಂಪ್ಯೂಟರಿನ ಹಿಂಭಾಗದಲ್ಲಿ ಕೈಯಾಡಿಸುತ್ತಿದ್ದರು. ಸ್ಪೀಕರಿನ ಪಿನ್ನನ್ನು ನಾನು ಮೈಕಿನ ತೂತಿಗೆ ಹಾಕಿದ್ದೆ. ಅದನ್ನು ಕಿತ್ತು ಪಕ್ಕದ್ದಕ್ಕೆ ಒತ್ತಿ, ಎದ್ದು ಬಂದು ಕೀಬೋರ್ಡಿನಲ್ಲಿ ಎರಡು ಮೂರು ಗುಂಡಿ ಒಟ್ಟಿಗೆ ಅದುಮಿದರು. ಕಂಪ್ಯೂಟರು ಇಂಗ್ಲಿಷಿನಲ್ಲಿ ಮಾತಾಡಿತು. ಅಲ್ಲಿಂದ ಮುಂದೆ ನಾನು ಬೇಕಾಗಲಿಲ್ಲ. ನಾನು ದಾಟಿಸಿದ್ದ ಪುಟಗಳಲ್ಲಿ ಎಷ್ಟರವರೆಗೆ ಹಿಂದಕ್ಕೆ ಹೋಗಲು ಬಿಟ್ಟಿತೋ ಅಷ್ಟು ದೂರ ಹೋಗಿ, ನಾನು ಒಪ್ಪಿದ್ದ ಕೆಲವನ್ನು ಅವರು ಒಪ್ಪದೆ ಬಿಟ್ಟರು. ಸ್ವಲ್ಪ ಹೊತ್ತಾದ ಮೇಲೆ "ಕಾಫಿ ಕುಡೀತೀರಾ?" ಅಂದೆ. "ಕೊಡು," ಅಂದರು. ಜಗಳ ಅಲ್ಲಿಗೆ ಮುಗಿಯಿತು.

ಹಳೆಯ ಡಿಸ್ಕಿನಿಂದ ಕಡತಗಳೆಲ್ಲ ಹೊಸದಕ್ಕೆ ಬಂದವು. ಓದುವುದನ್ನು ಕನ್ನಡಕ್ಕೆ ಬದಲಿಸಿ, ಹೊಸ ಕಂಪ್ಯೂಟರಿನ ದನಿ ಹೇಗಿದೆ ನೋಡೋಣವೆಂದು ಒಂಬತ್ತನೇ ತರಗತಿಯ ಟಿಪ್ಪಣಿಯೊಂದನ್ನು ತೆರೆದರು. ಹೆಂಗಸಿನ ದನಿ. ರೇಡಿಯೋದಲ್ಲಿ ವಾರ್ತೆ ಓದುವವರ ಹಾಗೆ ಬಿಡಿಸಿ ಬಿಡಿಸಿ ಓದತೊಡಗಿತು. ಅತ್ತೆಯ ಕೈ ನಿಂತಿತು.

"ಯಾರ್ಲಾ ಅದು?"

"ಯಾರೂ ಇಲ್ಲ ಅವ್ವ, ಕಂಪ್ಯೂಟ್ರೇ ಓದ್ತಾ ಐತೆ."

"ಎಷ್ಟ್ ಚೆಂದಾಗ್ ಮಾತಾಡ್ತಾಳೆ ನೋಡು! ಹಳೇದು ಜ್ವರ ಬಂದೋರ್ ತರ ಬಡಬಡ ಅಂತಿತ್ತು. ಏನಂತ ಓದ್ತಾವ್ಳೆ?"

"ನಾನ್ ಬರ್ದಿರೋ ಪಾಠ."

"ನೀನ್ ಬರ್ದಿದ್ದಾ? ಮೊದ್ಲಿಂದ ಓದ್ಸು."

ಇವರು ಮೊದಲಿಂದ ಓದಿಸಿದರು. ನಮ್ಮ ಕಡೆಯ ಪಾಳೆಯಗಾರರ ಬಗ್ಗೆ ಬರೆದದ್ದು. ಹಾಗಲವಾಡಿಯ ಹೆಸರು ಬಂದ ಕೂಡಲೇ ಅತ್ತೆ "ಅಗಾ, ನಮ್ಮೂರು!" ಎಂದು ನೆಟ್ಟಗೆ ಕೂತರು. ಮಗ ದಿನಾ ಆ ಮೇಜಿನ ಮುಂದೆ ಕೂತು ಏನು ಮಾಡುತ್ತಾನೆಂದು ಅವರಿಗೆ ತಿಳಿದದ್ದು ಅವತ್ತೇ. ನಿಜ ಹೇಳಬೇಕೆಂದರೆ ನನಗೂ ಅಷ್ಟೇ. ಪಾಠ ತಯಾರಿಸುತ್ತಾರೆ ಎಂದು ಗೊತ್ತಿತ್ತು, ಅದರೊಳಗೆ ಏನಿರುತ್ತದೆಂದು ನಾನು ಕೇಳಿರಲಿಲ್ಲ. ಗೋಡೆಗೆ ಒರಗಿ ನಿಂತು ಕೇಳಿದೆ. ಕೆರೆ ಕಟ್ಟಿಸಿದ್ದು, ಕೋಟೆಯ ಗೋಡೆ, ಸಂತೆಯ ದಾರಿ ಎಲ್ಲವನ್ನೂ ಕಣ್ಣೆದುರಿಗೆ ಇದೆಯೆಂಬಂತೆ ಬರೆದಿದ್ದರು. ಮುಂದೆ ಆಡಳಿತದ ವಿಷಯ ಬಂತು. ವಾಕ್ಯಗಳು ಉದ್ದವಾದವು, "ಆದ್ದರಿಂದ" "ಅಲ್ಲದೆ" ಎಂದು ಒಂದಕ್ಕೊಂದು ಗಂಟು ಬಿದ್ದು ಮುಗಿಯಲೇ ಇಲ್ಲ. ನೋಡಿದರೆ ಅತ್ತೆ ಮೊರ ಮಡಿಲಲ್ಲಿಟ್ಟುಕೊಂಡೇ ತೂಕಡಿಸುತ್ತಿದ್ದರು.

"ಅವ್ವ ಏನಂತೈತೆ?" ಎಂದು ಇವರು ಕೇಳಿದರು.

"ನಿದ್ದೆ ಮಾಡ್ತಾ ಇದಾರೆ."

ಇವರು ಜೋರಾಗಿ ನಕ್ಕರು. ಆ ನಗುವಿಗೆ ಎಚ್ಚರವಾಗಿ ಅತ್ತೆ, "ಮುಗೀತೇನ್ಲಾ? ಚೆನ್ನಾಗೈತೆ ಬುಡು," ಅಂದರು.

ಹೊಸ ದನಿ ತಮ್ಮ ಕೆಲಸಕ್ಕೆ ಆಗದು ಎಂದು ಇವರಿಗೆ ಅವತ್ತೇ ಗೊತ್ತಾಯಿತು. ವೇಗ ಹೆಚ್ಚಿಸಿದರೆ ಅದರ ಇಂಪೆಲ್ಲ ಕಲಸಿಹೋಗಿ ಪದಗಳು ಹಿಡಿಯಲು ಸಿಗುತ್ತಿರಲಿಲ್ಲ. ಡಬ್ಬದ ದನಿ ಎಷ್ಟು ಓಡಿಸಿದರೂ ಅಕ್ಷರ ತಿನ್ನುವುದಿಲ್ಲವಂತೆ. ಸಂಜೆಯೊಳಗೆ ಹಳೆಯ ತಂತ್ರಾಂಶವನ್ನು ಹುಡುಕಿ ಹಾಕಿಕೊಂಡರು. ಆದರೆ ಹೆಂಗಸಿನ ದನಿಯನ್ನು ತೆಗೆಯಲಿಲ್ಲ. ಪಾಠ ಬರೆದು ಮುಗಿಸಿದ ಮೇಲೆ ಅವಳ ಕೈಲಿ ಒಮ್ಮೆ ಓದಿಸುತ್ತಾರೆ. ವೇಗದಲ್ಲಿ ಕೇಳುವಾಗ ತಿಳಿಯದ ಉದ್ದ ವಾಕ್ಯಗಳು ನಿಧಾನದಲ್ಲಿ ಸಿಕ್ಕಿಬೀಳುತ್ತವೆ, ಅವನ್ನು ಕತ್ತರಿಸುತ್ತಾರೆ. ಅತ್ತೆ ಊರಿಗೆ ಹೋಗುವವರೆಗೆ ದಿನವೂ ಒಂದು ಪಾಠ ಕೇಳಿದರು. ಕೆಲವಕ್ಕೆ ಎಚ್ಚರವಾಗಿಯೂ ಇದ್ದರು.

ನನಗೆ ಆ ಡಬ್ಬದ ದನಿಯನ್ನೂ ಕಲಿಯಬೇಕೆನಿಸಿತು. ಅಡುಗೆಮನೆಯಿಂದಲೇ ಕಿವಿಗೊಟ್ಟು, ಮೊದಲು ಊರಿನ ಹೆಸರುಗಳು, ಆಮೇಲೆ ಸಣ್ಣ ಪುಟ್ಟ ಪದಗಳು ಹಿಡಿಯತೊಡಗಿದೆ. ಒಂದು ಸಂಜೆ, "ಈಗ ನಿಮ್ಮ ಹೆಡ್‌ಮಾಸ್ಟ್ರ ಮೆಸೇಜ್ ತಾನೆ ಬಂದಿದ್ದು?" ಎಂದು ಕೇಳಿದೆ. "ಪರವಾಗಿಲ್ವೇ," ಅಂದರು ಅವರು. ಮಾರನೆಯ ದಿನ ಶಾಲೆಯಿಂದ ಬರುವಾಗ ಇಯರ್‌ಫೋನ್ ತಂದುಕೊಂಡರು.