ಅಕ್ಕನ ಬಕೆಟ್ ಸೌತೆ

ಅಕ್ಕನ ಸೌತೆಗಿಡಗಳಿಗೆ ನೀರು ಹಾಕುತ್ತೇನೆಂದು ಮಾತು ಕೊಟ್ಟು ನಾನು ಹಾಕಲಿಲ್ಲ. ಕೇಳಿದಾಗ ಸುಳ್ಳು ಹೇಳಿದೆ. ಆ ಸುಳ್ಳಿನಿಂದ ಏನಾಯಿತೆಂದು ಬರೆಯುವ ಮೊದಲು ಅಕ್ಕನ ಬೆರಳಿನ ಬಗ್ಗೆ ಹೇಳಬೇಕು.

ಅವಳ ಬಲಗೈ ತೋರುಬೆರಳಿನ ಉಗುರಿನ ಸಂದಿಯಲ್ಲಿ ಯಾವಾಗಲೂ ಕೆಮ್ಮಣ್ಣು. ಹಿರಿಯೂರಿನ ಬಾಡಿಗೆ ಮನೆಯ ತಾರಸಿಯ ಮೇಲೆ, ಪೇಂಟಿನ ಖಾಲಿ ಬಕೆಟ್‌ಗಳಲ್ಲಿ ಅವಳು ಸೌತೆ ಬೆಳೆಯುತ್ತಿದ್ದಳು. ಬೆಳಗ್ಗೆ ಎದ್ದೊಡನೆ ಪ್ರತಿ ಬಕೆಟ್‌ನ ಮಣ್ಣಿಗೂ ಆ ಬೆರಳನ್ನು ಎರಡನೇ ಗೆಣ್ಣಿನವರೆಗೆ ಇಳಿಸಿ ನೋಡುವಳು. ತಂಪು ಹತ್ತಿದರೆ ನೀರು ಬೇಡ, ಇಲ್ಲವಾದರೆ ಒಂದು ಚೊಂಬು. ಮೇಲೆ ಒದ್ದೆ ಕಂಡರೆ ನಂಬುವವಳಲ್ಲ.

"ನೆಲದ ಗಿಡಕ್ಕೆ ಬೇರು ಇಳಿಸಾಕೆ ಜಾಗ ಐತೆ. ಬಕೆಟ್ ಗಿಡ ಎಲ್ಲಿಗೆ ಹೋಗ್ಬೇಕಲೇ? ನಮ್ಮ ಕೈನೇ ನೋಡ್ತಾ ಕುಂತಿರ್ತೈತೆ" ಎನ್ನುತ್ತಿದ್ದಳು.

ಬೀಜ ನಮ್ಮ ಅವ್ವನದು, ನಮ್ಮೂರು ತಾಳ್ಯದ ಹೊಲದ್ದು. ಅವ್ವ ತೀರಿಕೊಂಡಾಗ ನಾನು ಚಿಕ್ಕವನು. ನನ್ನನ್ನೂ ಆ ಬೀಜವನ್ನೂ ಉಳಿಸಿಕೊಂಡವಳು ಅಕ್ಕನೇ. ನನ್ನ ಓದು ಏಳನೇ ತರಗತಿಗೆ ನಿಂತಿತು, ಬೀಜ ಮಾತ್ರ ನಿಲ್ಲಲಿಲ್ಲ. ಹಣ್ಣಾದ ಕಾಯಿಯ ಬೀಜ ತೊಳೆದು, ಬೂದಿಯಲ್ಲಿ ಹೊರಳಿಸಿ, ಸಗಣಿಯ ಬೆರಣಿಯಲ್ಲಿ ಒತ್ತಿ ಒಣಗಿಸಿಡುವಳು. ಮನೆಯ ಯಜಮಾನಿ ಗೋಡೆಗೆ ಸಗಣಿ ಬಡಿಯಲು ಬಿಡದ್ದರಿಂದ ಹಳೆಯ ಮೊರವೊಂದರ ಬೆನ್ನಿಗೆ ಬಡಿಯುತ್ತಿದ್ದಳು. ಬಿತ್ತುವಾಗ ಬಕೆಟ್ಟಿಗೆ ಎರಡು ಮೂರು ಬೀಜ. ಮೊಳಕೆ ಬಂದ ಮೇಲೆ ಗಟ್ಟಿಯಾದದ್ದೊಂದನ್ನು ಉಳಿಸಿ, ಮಿಕ್ಕವನ್ನು ಕೀಳದೆ ಕತ್ತರಿಯಿಂದ ಕತ್ತರಿಸುವಳು. ಕಿತ್ತರೆ ಪಕ್ಕದ ಬೇರು ಅಲುಗುತ್ತದಂತೆ.

ಅವಳಿಗೊಂದು ಜಂಬವೂ ಇತ್ತು. ಎಲ್ಲರೂ ಸೌತೆಯ ತುದಿ ಕೊಯ್ದು, ಕಹಿ ಹೋಗಲೆಂದು ನೊರೆ ಬರುವವರೆಗೆ ತಿಕ್ಕುತ್ತಾರೆ. ಅಕ್ಕ ತಿಕ್ಕುತ್ತಿರಲಿಲ್ಲ, ರುಚಿಯೂ ನೋಡುತ್ತಿರಲಿಲ್ಲ. ನಾನು ತಿಕ್ಕಲು ಹೋದರೆ, "ಅಂಗಡಿ ಕಾಯಿಗೆ ತಿಕ್ಕಲೇ. ಅವ್ವನ ಕಾಯಿಗೆ ಯಾಕೆ ತಿಕ್ತೀಯ?" ಎನ್ನುವಳು.

ಹೋದ ಬೇಸಿಗೆಯಲ್ಲಿ ಮಗಳ ಹೆರಿಗೆಗೆಂದು ಅಕ್ಕ ಚಿತ್ರದುರ್ಗಕ್ಕೆ ಹೊರಟಳು. ಪಕ್ಕದ ಬೀದಿಯಲ್ಲಿರುವ ನನಗೆ ತಾರಸಿಯ ಬೀಗದ ಕೈ ಕೊಟ್ಟಳು. ನಾನು ಲಗೇಜ್ ಆಟೋ ಓಡಿಸುತ್ತೇನೆ. ಮೊದಮೊದಲು ಸರಿಯಾಗಿಯೇ ನೀರು ಹಾಕಿದೆ. ಆಮೇಲೆ ಹೊಳಲ್ಕೆರೆ ಕಡೆಯ ಬಾಡಿಗೆಗಳು ಒಂದರ ಹಿಂದೊಂದು ಬಂದವು, ತಾರಸಿ ಹತ್ತಲಿಲ್ಲ. ನಾಳೆ ಬರುತ್ತೇನೆಂದು ಅವಳ ಫೋನ್ ಬಂದಾಗ ಓಡಿಹೋಗಿ ನೋಡಿದರೆ ಎಲೆಗಳೆಲ್ಲ ಜೋತುಬಿದ್ದಿದ್ದವು. ಕೊಡಗಟ್ಟಲೆ ಸುರಿದೆ. ಸಂಜೆಗೆ ಎಲೆಗಳು ಎದ್ದು ನಿಂತವು. ಗೆದ್ದೆ ಅಂದುಕೊಂಡೆ.

ಅದೇ ವಾರ ಯಜಮಾನಿಯ ಸೊಸೆಗೆ ಸೀಮಂತ. ಕೋಸಂಬರಿಗೆ ಅಕ್ಕನ ಸೌತೆ. ಮೊದಲ ತುತ್ತಿಗೇ ಪಂಕ್ತಿಯಲ್ಲಿದ್ದವರು ಮುಖ ಹಿಂಡಿದರು.

"ಏನಮ್ಮ, ಸೌತೆ ಅಂತ ಹಾಗಲಕಾಯಿ ಹೆಚ್ಚಿದೀಯೇನು?" ಎಂದು ಯಜಮಾನಿ ಅಂದಾಗ ಎಲ್ಲರೂ ನಕ್ಕರು. ಅಕ್ಕ ಒಂದು ಚೂರು ಬಾಯಿಗೆ ಹಾಕಿಕೊಂಡು, ಬಡಿಸಲು ನಿಂತಿದ್ದ ನನ್ನ ಕಡೆ ತಿರುಗಿದಳು.

"ನೀರು ತಪ್ಪಿಸಿದ್ಯೇನಲೇ? ಒಣಗಿದ ಗಿಡ ಕಹಿ ಕಾಯಿ ಬಿಡ್ತೈತೆ."

"ಇಲ್ಲಕ್ಕ, ದಿನಾ ಹಾಕೀನಿ."

ಅವಳು ನಂಬಿದಳು. ನನ್ನನ್ನು ನಂಬಿದ್ದರಿಂದ ಬೀಜವನ್ನು ಅನುಮಾನಿಸಬೇಕಾಯಿತು. "ಹಂಗಾರೆ ಬೀಜನೇ ಕೆಟ್ಟೈತೆ" ಎಂದು ಕೋಸಂಬರಿಯ ಪಾತ್ರೆಯನ್ನು ತಾನೇ ಒಳಗೆ ಎತ್ತಿಟ್ಟಳು.

ಆಮೇಲೆ ಅವಳು ಬಿತ್ತಲಿಲ್ಲ. ಪ್ರತಿ ಸಲದಂತೆ ಬೀಜ ಕೇಳಲು ಬಂದ ಯಲ್ಲದಕೆರೆಯ ಹೆಂಗಸಿಗೆ, "ಅಂಗಡಿ ಪ್ಯಾಕೆಟ್ ತಗಳ್ರಿ, ನಮ್ದು ಬ್ಯಾಡ" ಎಂದು ಹೇಳಿ ಕಳಿಸಿದಳು. ನಾನು ಪಕ್ಕದಲ್ಲೇ ಕುಳಿತು ಟೀ ಕುಡಿಯುತ್ತಿದ್ದೆ.

ಹೋದ ತಿಂಗಳು ನನ್ನನ್ನು ಕರೆದು, ಬಕೆಟ್‌ಗಳನ್ನು ಗುಜರಿಗೆ ಹಾಕಿ ಬಾ ಎಂದಳು. ಒಂದರೊಳಗೊಂದು ಪೇರಿಸಿ ಆಟೋಗೆ ಏರಿಸಿದೆ. ಕೊನೆಗೆ ಅವಳು ಮೊರವನ್ನೂ ತಂದು ಮೇಲಿಟ್ಟಳು. ಹಿಂದಿನ ವರ್ಷದ ಬೀಜದ ಬೆರಣಿ ಅದರ ಬೆನ್ನಿಗೆ ಹಾಗೇ ಅಂಟಿಕೊಂಡಿತ್ತು.

"ಇದನ್ನ ದಾರೀಲಿ ತಿಪ್ಪೆಗೆ ಎಸಿ. ಅವ್ವ ಕಾಪಾಡಿ ಕೊಟ್ಟಿದ್ದು ನನ್ನ ಕೈಯಾಗೆ ಹಾಳಾತು" ಅಂದಳು.

ಗಾಡಿ ಚಾಲೂ ಮಾಡಿದ್ದವನು ಬಂದ್ ಮಾಡಿ ಇಳಿದೆ. ಮೊರ ತೆಗೆದು ಅವಳ ಕೈಗೇ ಕೊಟ್ಟೆ. ಏನೆಂಬಂತೆ ನನ್ನ ಮುಖ ನೋಡಿದಳು.

"ಅಕ್ಕ, ಬೀಜ ಕೆಟ್ಟಿಲ್ಲ. ನಾನು ನೀರು ಹಾಕಿರ್ಲಿಲ್ಲ. ಗಿಡ ಒಣಗಿಸಿ, ನೀನು ಬರ್ತೀಯ ಅಂತ ಗೊತ್ತಾದ ಮ್ಯಾಲೆ ಒಂದೇ ಸಲ ಸುರಿದೆ. ಅವತ್ತು ಅಷ್ಟು ಜನದ ಮುಂದೆ ನಿಂಗೆ ಸುಳ್ಳು ಹೇಳ್ದೆ. ನಿನ್ನ ಕೈಯಾಗೆ ಏನೂ ಹಾಳಾಗಿಲ್ಲ. ತಪ್ಪು ನಂದು. ತಪ್ಪಾತಕ್ಕ."