ಲಾಭ ಎಂದು ಹೆಸರಿಟ್ಟ ಫೋಟೋ

ನಮ್ಮ ಮನೆಗೆ ಕಂಪ್ಯೂಟರ್ ಬಂದ ಹೊಸದರಲ್ಲಿ ನಾನು ಅದಕ್ಕೆ ಕಸೂತಿ ಬಟ್ಟೆ ಹೊದಿಸಿ, ಶುಕ್ರವಾರಕ್ಕೊಮ್ಮೆ ಕುಂಕುಮ ಹಚ್ಚುತ್ತಿದ್ದೆ. ಅದಕ್ಕೂ ನನಗೂ ಅಷ್ಟೇ ಸಂಬಂಧ. ನಾವಿದ್ದ ದಿಲ್‌ಸುಖ್‌ನಗರದ ಬೀದಿ ತುಂಬ ಕಂಪ್ಯೂಟರ್ ಕಲಿಸುವ ಬೋರ್ಡುಗಳು ನೇತಾಡುತ್ತಿದ್ದ ಕಾಲ. ಮಗಳೂ ಅಲ್ಲೇ ಕಲಿತು ಊರಾಚೆಯ ದೊಡ್ಡ ಆಫೀಸಿಗೆ ಹೋಗುತ್ತಿದ್ದಳು.

ಆ ವರ್ಷ ಅತ್ತೆಯವರ ಬಲಗಣ್ಣು ಪೂರ್ತಿ ಹೋಗಿತ್ತು. ಎಡಗಣ್ಣಿಗೆ ಆಪರೇಷನ್ ಎಂದಾಯಿತು. ನೋಟ ಉಳಿಯುತ್ತದೋ ಇಲ್ಲವೋ, ಡಾಕ್ಟರು ಖಚಿತವಾಗಿ ಹೇಳಲಿಲ್ಲ. ಅತ್ತೆ ಕೇಳಿದ್ದು ಒಂದೇ.

“ಹೋಗೂಕಿಂತ ಮುಂಚೆ ಅವರ ಮಾರಿ ಒಮ್ಮೆ ದೊಡ್ಡದಾಗಿ ತೋರಸ್ರಿ.”

ಅವರೆಂದರೆ ತೀರಿಹೋದ ನಮ್ಮ ಮಾವ. ಅವರದು ಇದ್ದದ್ದು ಒಂದೇ ಫೋಟೋ, ಅಬಿಡ್ಸ್ ಪೇಟೆಯ ಸ್ಟುಡಿಯೋದಲ್ಲಿ ತೆಗೆಸಿದ್ದು, ಬೆರಳುದ್ದದ್ದು.

ಮಗಳು ಅದನ್ನೂ ಮನೆಯ ಬೇರೆ ಫೋಟೋಗಳನ್ನೂ ಸ್ಕ್ಯಾನ್ ಮಾಡಿಸಿ ತಂದಳು. ಮೊಮ್ಮಕ್ಕಳ ಎರಡು ವಿಡಿಯೋ ತುಣುಕು, ನಮ್ಮ ಭಜನಾ ಮಂಡಳಿಯವರು ಹಾಡಿದ ಒಂದು ಪದ, ಎಲ್ಲವನ್ನೂ ಒಂದು ಫೋಲ್ಡರಿಗೆ ಹಾಕಿದಳು. ಜೊತೆಗೆ ಏಳೆಂಟು ಸಾಲು ಏನೋ ಬರೆದಳು. ಅದಕ್ಕೆ ಸ್ಕ್ರಿಪ್ಟ್ ಎನ್ನುತ್ತಾರಂತೆ.

“ಮಮ್ಮಿ, ನಾ ಬರದದ್ದು ಮುಟ್ಟಬ್ಯಾಡ. ಯಾವುದು ಮೊದಲು, ಯಾವುದು ಆಮ್ಯಾಲೆ ಅಂತ ಫೋಟೋಕ್ಕ ನಂಬರ್ ಹಾಕಿ ಹೆಸರಿಡು. ಆಮ್ಯಾಲೆ ಇದರ ಮ್ಯಾಲೆ ಎರಡು ಸಲ ಒತ್ತು. ಅದೇ ಎಲ್ಲಾ ಜೋಡಿಸಿ ವಿಡಿಯೋ ಮಾಡತೈತಿ.”

“ಅದಕ್ಕ ನಮ್ಮ ಮಂದಿ ಯಾರು ಅಂತ ಹೆಂಗ ಗೊತ್ತಾಗತೈತಿ?”

“ಗೊತ್ತಾಗಂಗಿಲ್ಲ. ಅದಕ್ಕೇ ನಂಬರ್.”

ಆಸ್ಪತ್ರೆಗೆ ಹೋಗುವ ದಿನ ಬೆಳಗ್ಗೆ ದೇವರಿಗೆ ದೀಪ ಹಚ್ಚಿ ಕಂಪ್ಯೂಟರಿನ ಮುಂದೆ ಕುಳಿತೆ. ಒಂದೊಂದು ಅಕ್ಷರ ಹುಡುಕಿ ಹೆಸರಿಟ್ಟೆ. ಎರಡು ಸಲ ಒತ್ತಿದೆ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಇರುವೆ ಸಾಲಿನಂತೆ ಓಡತೊಡಗಿದವು. ಏನು ಕೆಡಿಸಿದೆನೋ ತಿಳಿಯಲಿಲ್ಲ, ಕೈಮುಗಿದೆ. ಅಡುಗೆ ಆಗುವಷ್ಟರಲ್ಲಿ ವಿಡಿಯೋ ಆಗಿತ್ತು. ನಡುವೆ ಕರೆಂಟು ಹೋಗಲಿಲ್ಲ, ಅದೊಂದು ಪುಣ್ಯ.

ಮಧ್ಯಾಹ್ನ ಬಾಗಿಲಿಗೆ ಆಟೋ ಬಂತು. ಅತ್ತೆಯವರನ್ನು ಹತ್ತಿರ ಕೂರಿಸಿ ವಿಡಿಯೋ ಹಚ್ಚಿದೆ. ಭಜನೆ ಶುರುವಾಯಿತು. ಮೊದಲು ಬರಬೇಕಾದ ಮಾವ ಬರಲಿಲ್ಲ. ನನ್ನ ಮದುವೆ ಬಂತು.

“ಎಲ್ಲಿ ಅವರು?”

ನಿಲ್ಲಿಸಿ ಮತ್ತೆ ಹಚ್ಚಿದೆ. ಮತ್ತೆ ನನ್ನ ಮದುವೆ.

“ನಿನ್ನ ಮದವಿ ನಾ ನೋಡೇನವಾ,” ಎಂದರು ಅತ್ತೆ.

ನಮ್ಮ ಯಜಮಾನರು ಬಾಗಿಲಲ್ಲಿ ಚೀಲ ಹಿಡಿದು ನಿಂತಿದ್ದರು. “ಆಟೋದಾಂವ ಹಾರ್ನ್ ಹೊಡ್ಯಾಕತ್ತಾನ. ಬಂದ ಮ್ಯಾಲೆ ನೋಡಿದ್ರಾತು, ಏಳವಾ.”

“ಬಂದ ಮ್ಯಾಲೆ ಯಾವ ಕಣ್ಣಿಲೆ ನೋಡ್ಲಿ?”

ಅವರು ಚೀಲ ಕೆಳಗಿಟ್ಟರು. ನಾನು ಮಗಳಿಗೆ ಫೋನ್ ಹಚ್ಚಿದೆ.

“ನಿಮ್ಮ ಅಜ್ಜನ ಫೋಟೋ ನುಂಗೇತಿ ಇದು!”

“ಏನಂತ ಹೆಸರಿಟ್ಟಿ?”

“ಲಾಭ.”

“ಲಾಭಾ?”

“ಮತ್ತ? ಮೊದಲನೇದಕ್ಕ ಒಂದು ಅಂತಾರೇನ?”

ನಮ್ಮಲ್ಲಿ ಜೋಳ ಅಳೆಯುವಾಗ ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತೇವೆ. ಆಮೇಲೆ ಎರಡು, ಮೂರು. ನಾನು ಮದುವೆಯಾಗಿ ಬಂದ ವಾರವೇ ಅತ್ತೆ ಕಲಿಸಿದ್ದು. ಮಾವನ ಫೋಟೋಕ್ಕೆ ಕೈ ತಾನಾಗಿಯೇ ಲಾಭ ಎಂದು ಒತ್ತಿತ್ತು, ಉಳಿದವಕ್ಕೆ ಎರಡು, ಮೂರು ಎಂದು ಬರೀ ಅಂಕಿ.

ಮಗಳು ನಗು ತಡೆದುಕೊಂಡು ಹೇಳಿದಳು: “ಅದು ಅಂಕಿ ಮೊದಲು ತಗೋತೈತಿ, ಅಕ್ಷರ ಆಮ್ಯಾಲೆ. ಅಜ್ಜ ಎಲ್ಲೂ ಹೋಗಿಲ್ಲ, ಎಲ್ಲಾರ ಹಿಂದ ನಿಂತಾರ. ಕಡೀತನಕ ನೋಡ್ರಿ.”

ಅಂಕಿಗೆ ಯಾಕೆ ಮೊದಲ ಮಣೆ ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ನಡೆದದ್ದನ್ನು ಅತ್ತೆಗೆ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ.

“ನಿನಗ ನಾ ಕಲಿಸೇನಿ. ಆ ಡಬ್ಬಿಗೆ ಯಾರು ಕಲಿಸ್ಯಾರು?” ಎಂದು ನಕ್ಕರು.

ಆಟೋದವನಿಗೆ ಚಹಾ ಕೊಟ್ಟು ಬಂದೆ. ಅವನು ಗೊಣಗದೆ ಕುಡಿದ, ಅದೂ ಪುಣ್ಯವೇ. ನನ್ನ ಮದುವೆ, ತೊಟ್ಟಿಲು, ಕುಣಿಯುವ ಮೊಮ್ಮಕ್ಕಳು, ಎಲ್ಲ ಮತ್ತೊಮ್ಮೆ ದಾಟಿದವು. ಎರಡು ಫೋಟೋ ಉಳಿದಿರುವಾಗಲೇ ಹಾಡು ಮುಗಿಯಿತು. ಕೊನೆಗೆ, ಸದ್ದೇ ಇಲ್ಲದೆ, ಪರದೆ ತುಂಬ ಮಾವ ಬಂದರು.

ಅತ್ತೆ ಎದ್ದು ಗಾಜಿಗೆ ಎಡಗಣ್ಣು ತಾಗುವಷ್ಟು ಹತ್ತಿರ ಹೋದರು. ಬೆರಳನ್ನು ಹಣೆಯ ಮೇಲಿಂದ ಸುತ್ತಲೂ ಆಡಿಸಿದರು.

“ರುಮಾಲು ಎಷ್ಟು ಚಂದ ಸುತ್ಯಾರ ನೋಡು.”

“ಹೂಂನ್ರಿ ಅತ್ತಿ,” ಎಂದೆ.

ಪರದೆ ಕಪ್ಪಾಯಿತು. “ಇನ್ನೊಮ್ಮೆ ಹಚ್ಚಲೇನ್ರಿ?”

“ಸಾಕು. ನೋಡಿದೆ. ನಡೀರಿ.”

ಆಪರೇಷನ್ ಆದ ಮೇಲೆ ಅವರಿಗೆ ಕಿಟಕಿಯ ಬೆಳಕು, ಎದುರಿಗೆ ಹಾಯುವವರ ನೆರಳು ಇಷ್ಟು ಉಳಿಯಿತು. ಕತ್ತಲಾಗಲಿಲ್ಲವಲ್ಲ ಎಂದು ದೇವರಿಗೆ ಕೈಮುಗಿದೆ. ಆದರೆ ಆ ಫೋಟೋದಲ್ಲಿ ಮಾವ ಬರಿದಲೆಯಲ್ಲಿದ್ದಾರೆ. ರುಮಾಲು ಇಲ್ಲವೇ ಇಲ್ಲ. ಅತ್ತೆ ಅಂದು ಏನು ನೋಡಿದರೋ ನಾನು ಕೇಳಲಿಲ್ಲ, ಮನೆಯಲ್ಲಿ ಯಾರಿಗೂ ಹೇಳಲೂ ಇಲ್ಲ. ಅವರು ಮಾತ್ರ ಬಂದವರಿಗೆಲ್ಲ, “ನಮ್ಮ ಸೊಸಿ ತೋರಿಸಿದ್ಲು, ರುಮಾಲು ಸುತಗೊಂಡು ಬಂದಿದ್ರು,” ಎಂದು ಹೇಳುತ್ತಿದ್ದರು. ನಾನು ಪಕ್ಕದಲ್ಲಿ ನಿಂತು ಹೂಂ ಅನ್ನುತ್ತಿದ್ದೆ.