ಕಂಪ್ಯೂಟರಿಗೆ ಗಾಳಿ ಬಿಟ್ಟವರು

ಇನ್ನೊಬ್ಬರ ಮನೆಯ ದುಃಖವನ್ನು ಸರಿಯಾಗಿ ಹೇಳಲು ನನಗೆ ಬರುವುದೋ ಇಲ್ಲವೋ ತಿಳಿಯದು. ಕೊರತೆಗಳಿದ್ದರೆ ಓದುಗರು ಮನ್ನಿಸಬೇಕು.

ಪೆರಂಬೂರಿನಲ್ಲಿ ನಮ್ಮ ಪಕ್ಕದ ಮನೆಯವರು ರೈಲ್ವೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಅವರು ಓಡಿಸುತ್ತಿದ್ದ ಸ್ಕೂಟರ್ ಲಾರಿಗೆ ಗುದ್ದಿ, ಹಿಂದೆ ಕುಳಿತಿದ್ದ ಮಗನ ಕಾಲುಗಳು ಸ್ವಾಧೀನ ಕಳೆದುಕೊಂಡವು. ಮಗ ತಂದೆಯೊಡನೆ ಮಾತು ಬಿಟ್ಟ. ಅವನಿಗೆ ಕಾರ್ ರೇಸಿನ ಆಟದ ಮೇಲೆ ಆಸೆಯೆಂದು ತಾಯಿಯಿಂದ ತಿಳಿದ ತಂದೆ, ಹಳೆಯ ಬಿಡಿಭಾಗಗಳನ್ನು ಹುಡುಕಿ ತಂದು ತಾವೇ ಕಂಪ್ಯೂಟರ್ ಜೋಡಿಸಿದರು. ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ಬೇಗನೆ ಕಾದು ಆಟ ನಿಂತುಬಿಡುತ್ತಿತ್ತು. ಆದ್ದರಿಂದ ಪೆಟ್ಟಿಗೆಯ ಒಂದು ಬದಿ ಕಳಚಿ, ಮನೆಯಲ್ಲಿದ್ದ ಒಂದೇ ಟೇಬಲ್ ಫ್ಯಾನನ್ನು ಅದರತ್ತ ತಿರುಗಿಸಿ, ಮೇ ತಿಂಗಳ ಸುಡುವ ಕತ್ತರಿ ಬಿಸಿಲಿನಲ್ಲಿ ತಾವು ಬೆವರುತ್ತ ಕುಳಿತಿರುತ್ತಿದ್ದರು.

“ನಿಮಗೂ ಸ್ವಲ್ಪ ಗಾಳಿ ಬೇಡವೇನ್ರೀ?” ಎಂದು ಹೆಂಡತಿ ಕೇಳಿದಾಗಲೆಲ್ಲ ಅವರದು ಒಂದೇ ಉತ್ತರ: “ಪರವಾಯಿಲ್ಲೆ ಕಣೇ, ಮೊದಲು ಅದಕ್ಕೆ ಬೀಸಲಿ.”

ಒಂದು ಮಧ್ಯಾಹ್ನ ನಾನು ಅಲ್ಲಿದ್ದಾಗ ಮಗ ಮಾತಿಲ್ಲದೆ ಕೀಬೋರ್ಡನ್ನು ತಂದೆಯತ್ತ ಸರಿಸಿದ. ಅವರು ಓಡಿಸಿದ ಕಾರು ಮೊದಲ ತಿರುವಿನಲ್ಲೇ ಗೋಡೆಗೆ ಅಪ್ಪಳಿಸಿತು.

“ಇಲ್ಲೂ ಗುದ್ದಿಬಿಟ್ಟೆಯಾ, ಅಪ್ಪಾ?” ಎಂದ ಮಗ.

ಅವರು ಟವಲಿನಿಂದ ಮುಖ ಒರೆಸಿಕೊಂಡು, “ಹೂಂ ಕಣೋ. ಇಲ್ಲೂ ನಾನೇ,” ಎಂದರು.

ಅಂದಿನಿಂದ ತಂದೆ, ಮಗ ಮತ್ತೆ ಮಾತನಾಡತೊಡಗಿದರು. ಮಗ ಮಾತ್ರ ನಡೆಯಲೇ ಇಲ್ಲ.